ನನ್ನ ತಮ್ಮ ಬೀಡಿ ಬಿಟ್ಟಿದ್ದು

ನಮ್ಮ ಬೀದಿಯಲ್ಲಿ ಯಾರಾದರೊಬ್ಬ ಗಂಡಸು ಬೀಡಿಯೋ ಸಿಗರೇಟೋ ಬಿಡದೇ ಇರೋ ವಾರವೇ ಇಲ್ಲ. ಯುಗಾದಿಗೆ ಬಿಡ್ತಾರೆ, ಮಗಳ ಮದುವೆಗೆ ಬಿಡ್ತಾರೆ, ಬೆಳಗ್ಗೆ ಎದೆ ಚುಳುಕ್ ಅಂದರೆ ಬಿಡ್ತಾರೆ, ಸಾಯಂಕಾಲ ಅದು ಗ್ಯಾಸು ಅಂತ ಗೊತ್ತಾದ ಕೂಡಲೇ ಹಚ್ಚುತ್ತಾರೆ. ತುಮಕೂರಿನ ಈ ಬೀದಿಗೆ ಸೊಸೆಯಾಗಿ ಬಂದು ಮುದುಕಿಯಾದೆ. ಜಗಲಿ ಮೇಲೆ ಸೊಪ್ಪು ಬಿಡಿಸ್ತಾ ಕೂತು ಎಲ್ಲರದ್ದೂ ನೋಡಿದ್ದೀನಿ. ಎದುರು ಮನೆ ಮೇಷ್ಟ್ರು ಸಿಗರೇಟು ಬಿಡೋದಕ್ಕೆ ನಶ್ಯ ಹಿಡಿದರು, ನಶ್ಯ ಬಿಡೋದಕ್ಕೆ ಹೊಗೆಸೊಪ್ಪು ಹಿಡಿದರು, ಈಗ ಮೂರನ್ನೂ ಇಟ್ಟುಕೊಂಡು ಆರಾಮಾಗಿದ್ದಾರೆ. ಅವರ ಹೆಂಡತಿ ತವರಿಗೆ ಹೋಗಿ ಕೂತಿದ್ದಾಳೆ. ಅದಕ್ಕೆ ಕಾರಣ ಬೇರೆ, ಅದರಲ್ಲಿ ಹೊಗೆ ಇಲ್ಲ, ಹಿಂದಿನ ಬೀದಿಯ ಒಬ್ಬಳಿದ್ದಾಳೆ. ಅದು ಇನ್ನೊಂದು ದಿನದ ಮಾತು.

ಈಗ ಹೇಳಕ್ಕೆ ಕೂತಿರೋದು ನನ್ನ ತಮ್ಮನ ವಿಷಯ. ಅವನೀಗ ಇಲ್ಲ. ಇದ್ದಿದ್ದರೆ, "ನಿನ್ನ ಬಾಯಿಗೂ ಒಂದು ಕಾಜಾ ಬಟನ್ ಹಾಕ್ತೀನಿ ಇರು ಕಣಕ್ಕ" ಅಂತಿದ್ದ. ಗುಬ್ಬಿ ಪೇಟೇಲಿ ಲೇಡೀಸ್ ಟೈಲರ್ ಅವನು. ತುಟಿ ತುದೀಲಿ ಬೀಡಿ ಕಚ್ಚಿಕೊಂಡೇ ಮಿಷನ್ ತುಳಿಯೋನು. ಕಿಡಿ ಉದುರಿ ರವಿಕೆ ತೋಳಲ್ಲಿ ಸಾಸಿವೆ ಕಾಳಿನಷ್ಟು ತೂತು ಬೀಳೋದು. ಅವನೇನು ಕಡಿಮೆನಾ, ಆ ತೂತಿನ ಮೇಲೆ ರೇಷ್ಮೆ ದಾರದಲ್ಲಿ ಒಂದು ಸಣ್ಣ ಹೂವು ಹೊಲಿದು "ಹೊಸ ಡಿಸೈನ್ ಕಣಮ್ಮ" ಅಂತ ಕೊಡೋನು. ಹೆಂಗಸರು ಹೂವು ಕಂಡು ಖುಷಿಯಾಗಿ ಹೋಗೋರು. ಗುಬ್ಬೀಲಿ ಯಾವ ಮದುವೆ ಮನೆಗೆ ಹೋದರೂ ಯಾರ ತೋಳ ಮೇಲೆ ಹೂವಿದೆ ಅಂತ ನೋಡಿದರೆ ಸಾಕು, ನನ್ನ ತಮ್ಮ ಎಷ್ಟು ಸೇದಿದ್ದಾನೆ ಅಂತ ನನಗೆ ಗೊತ್ತಾಗೋದು.

ಯಾವ ಕಾಲು?

ಅವನ ಎಡಗಾಲಿನ ಹೆಬ್ಬೆರಳು ಕಪ್ಪಾಗಕ್ಕೆ ಶುರುವಾಯಿತು. "ಮಿಷನ್ ಎಣ್ಣೆ ಕಣಕ್ಕ" ಅಂತ ಸೋಪು ಹಾಕಿ ಉಜ್ಜಿದ. ಹೋಗಲಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿದ. ಹೋಗಲಿಲ್ಲ. ಆಮೇಲೆ ನೋವು ಶುರುವಾಯಿತು. ನಾನೂ ಅವನ ಹೆಂಡತಿಯೂ ಸೇರಿ ತುಮಕೂರಿನ ದೊಡ್ಡ ಡಾಕ್ಟರ ಹತ್ತಿರ ಎಳಕೊಂಡು ಹೋದೆವು.

ಡಾಕ್ಟರು ಬೆರಳು ಒತ್ತಿ ನೋಡಿದರು. "ಬೀಡಿ ಸೇದ್ತೀರಾ?"

"ಯಾವಾಗ್ಲೋ ಒಂದೊಂದು ಸಾರ್."

ಪಕ್ಕದಲ್ಲಿದ್ದ ಅವನ ಹೆಂಡತಿ, "ಒಂದೊಂದು ಕಟ್ಟು ಸಾರ್" ಅಂದಳು.

ಡಾಕ್ಟರು ಕನ್ನಡಕ ತೆಗೆದಿಟ್ಟರು. "ನೋಡಿ, ಕಾಲಿಗೆ ರಕ್ತ ಹೋಗೋ ನಾಳ ಮುಚ್ಕೊಂತಾ ಇದೆ. ಹೀಗೇ ಸೇದ್ತಾ ಇದ್ರೆ ಮೊದಲು ಬೆರಳು ತೆಗೀಬೇಕಾಗುತ್ತೆ, ಆಮೇಲೆ ಪಾದ, ಆಮೇಲೆ ಕಾಲು. ಎದೆಗೂ ಒಳ್ಳೇದಲ್ಲ. ನಿಮಗೆ ಬೀಡಿ ಬೇಕೋ ಕಾಲು ಬೇಕೋ, ಈಗಲೇ ಹೇಳಿ."

ನನ್ನ ತಮ್ಮ ತಲೆ ಬಗ್ಗಿಸಿ ಎರಡೂ ಕಾಲು ನೋಡಿಕೊಂಡ. ತುಂಬ ಹೊತ್ತು ಯೋಚನೆ ಮಾಡಿದ. ಕೊನೆಗೆ ಕೇಳಿದ, "ಯಾವ ಕಾಲು ಸಾರ್?"

"ಅಂದ್ರೆ?"

"ಅಲ್ಲ, ಮಿಷನ್ ತುಳಿಯಕ್ಕೆ ಬಲಗಾಲೊಂದಿದ್ರೆ ಸಾಕಾಯ್ತದೆ, ಅದಕ್ಕೆ ಕೇಳ್ದೆ."

ಮದ್ದಿನ ಬೀಡಿ

ಅವನ ಹೆಂಡತಿ ಆವತ್ತೇ ಸೆರಗು ಸಿಕ್ಕಿಸಿ ನಿಂತಳು. ಗಂಡನ ಕಾಲು ಉಳಿಸಬೇಕು, ಅಷ್ಟೇ. ಕಡಬದಲ್ಲಿ ಕೆರೆ ಏರಿ ಕೆಳಗೆ ಒಬ್ಬ ನಾಟಿ ವೈದ್ಯ ಇದ್ದಾನೆ, ಎಂಥ ಚಟ ಆದರೂ ಬಿಡಿಸ್ತಾನೆ ಅಂತ ಯಾರೋ ಹೇಳಿದರು. ಆ ವೈದ್ಯ ಎರಡು ಸಂಸಾರ ನಡೆಸ್ತಿದ್ದ, ಒಬ್ಬ ಹೆಂಡತಿ ವಿಷಯ ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ಅಂಥವನ ಕೈಲಿ ಚಟ ಬಿಡಿಸ್ತೀನಿ ಅಂತ ಹೊರಟಳಲ್ಲ, ನನಗೆ ಆಗಲೇ ನಗು.

ವೈದ್ಯ ತುಳಸಿ, ಲವಂಗ, ತುಂಬೆ ಎಲೆ, ಇನ್ನೇನೇನೋ ಒಣಗಿಸಿ ಪುಡಿ ಮಾಡಿ, ಬೀಡಿ ಎಲೆಯಲ್ಲೇ ಸುತ್ತಿ ಕೊಟ್ಟ. "ಇದು ಹೊಗೆಸೊಪ್ಪು ಇಲ್ದೇ ಇರೋ ಬೀಡಿ. ಮದ್ದು. ಇದನ್ನ ಸೇದ್ತಾ ಸೇದ್ತಾ ಅದು ತಾನೇ ಬಿಟ್ಟೋಗ್ತದೆ. ಬೆಳಗ್ಗೆ ಖಾಲಿ ಹೊಟ್ಟೇಲಿ ಒಂದು, ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದು, ಮಲಗೋವಾಗ ಒಂದು. ಒಂದು ಹೊತ್ತೂ ತಪ್ಪಿಸಂಗಿಲ್ಲ."

ನನ್ನ ತಮ್ಮ ಇಷ್ಟು ಶ್ರದ್ಧೆಯಿಂದ ಮದ್ದು ತಗೊಂಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಮದ್ದಿನ ಬೀಡಿ ಮದ್ದಿನ ಹೊತ್ತಿಗೆ, ಹಳೇ ಬೀಡಿ ಉಳಿದ ಹೊತ್ತಿಗೆ. ಮುಂಚೆ ಖಾಲಿ ಹೊಟ್ಟೇಲಿ ಸೇದೋ ಅಭ್ಯಾಸ ಅವನಿಗಿರಲಿಲ್ಲ, ಅದೂ ಶುರುವಾಯಿತು. ಕುಣಿಗಲ್ಲಿನಲ್ಲಿ ಪಂಚರ್ ಅಂಗಡಿ ಇಟ್ಟಿರೋ ಅವನ ಭಾವಮೈದ, ಅಂದರೆ ಇವಳ ತಮ್ಮ, ಭಾನುವಾರ ಬಂದೋನು ಆ ಬೀಡಿ ನೋಡಿ, ಎರಡು ಸಲ ಕೆಮ್ಮಿ, "ಅಕ್ಕ, ನಂಗೂ ಅದೇ ಕಾಯ್ಲೆ ಕಣಕ್ಕ" ಅಂದ. ಇಬ್ಬರೂ ಜಗಲೀಲಿ ಕೂತು ಹೊಗೆ ಬಿಡ್ತಿದ್ದರೆ ಇವಳು ಅವರಿಗೆ ಬೆಂಕಿಪೊಟ್ಟಣ ತಂದು ಕೊಡ್ತಿದ್ದಳು.

ನಾನು ಒಂದು ಸಲ ಹೋಗಿ ಅಲ್ಲೇ ಉಳಕೊಂಡಿದ್ದೆ. ಬೆಳಗ್ಗೆ ಎದ್ದು ಮುಖ ತೊಳೀತಾ ಇದ್ದೀನಿ, ಒಳಗೆ ಇವಳ ದನಿ. ಎಷ್ಟೋ ವರ್ಷದಿಂದ ಬೀಡಿ ಬೀಡಿ ಅಂತ ಗಂಡನ ಜೀವ ತಿಂದವಳು ಅವನ ಭುಜ ಅಲ್ಲಾಡಿಸ್ತಾ ಇದ್ದಾಳೆ: "ಏಳ್ರೀ, ಎದ್ದು ಒಂದು ಸೇದಿ ಮಲಿಕ್ಕಳಿ! ಮದ್ದಿನ ಹೊತ್ತು ಮೀರ್ತಾ ಐತೆ!"

ಬೆಟ್ಟದ ಮೇಲೆ ಬಿಟ್ಟಿದ್ದು

ವೈದ್ಯನಿಂದ ಆಗಲಿಲ್ಲ, ದೇವರಿಂದಲಾದರೂ ಆಗಲಿ ಅಂತ ದೇವರಾಯನದುರ್ಗಕ್ಕೆ ಹೊರಟೆವು. ನಮ್ಮಲ್ಲೊಂದು ಪದ್ಧತಿ ಇದೆ. ಪುಣ್ಯಕ್ಷೇತ್ರಕ್ಕೆ ಹೋದರೆ ನಮಗೆ ಇಷ್ಟವಾದ ಒಂದು ಪದಾರ್ಥ ದೇವರ ಮುಂದೆ ಬಿಟ್ಟು ಬರಬೇಕು, ಆಮೇಲೆ ಜನ್ಮದಲ್ಲಿ ಅದನ್ನ ಮುಟ್ಟಬಾರದು. ನಮ್ಮತ್ತೆ ಕಾಶೀಲಿ ಹಲಸಿನಹಣ್ಣು ಬಿಟ್ಟು ಬಂದು, ಹಲಸಿನ ಕಾಲ ಬಂದರೆ ಬಾಗಿಲು ಹಾಕಿಕೊಂಡು ಕೂರೋರು. ಹಂಗೇ ಬೀಡಿ ಬಿಡಿಸೋದು ಅಂತ ಇವಳ ಲೆಕ್ಕ.

ಕಪ್ಪು ಬೆರಳಿನ ಕಾಲೆಳಕೊಂಡು ಮೆಟ್ಟಿಲು ಹತ್ತಿದ, ಪಾಪ. ಅಲ್ಲಲ್ಲಿ ಕೂತ. ಕೂತಲ್ಲೆಲ್ಲ ಜೇಬು ಮುಟ್ಟಿ ನೋಡಿಕೊಂಡ. ದೇವರ ಮುಂದೆ ನಿಂತಾಗ ಇವಳು, "ಮನಸ್ಸಲ್ಲೇ ಹೇಳ್ಕೊಂಡು ಬಿಟ್ಬಿಡ್ರಿ" ಅಂತ ತಾನೂ ಕಣ್ಣು ಮುಚ್ಚಿ ಕೈ ಮುಗಿದಳು. ಅವನೂ ಕಣ್ಣು ಮುಚ್ಚಿದ. ತುಟಿ ಅಲ್ಲಾಡಿತು. ಕಣ್ಣಲ್ಲಿ ನೀರೂ ಬಂತು. ಪೂಜಾರಪ್ಪ ತೀರ್ಥ ಕೊಟ್ಟರು. ಹೊರಗೆ ಬಂದ ಮೇಲೆ ಇವಳು ಆ ಮೆಟ್ಟಿಲ ಮೇಲೆ ಗಂಡನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು ಕಣ್ರೀ.

ಬೆಟ್ಟ ಇಳಿದು ಬಸ್ಸಿಗೆ ಕಾಯ್ತಾ ಇದ್ದೀವಿ. ನನ್ನ ತಮ್ಮ ಮರದ ಹಿಂದೆ ಹೋದ. ಮರದ ಹಿಂದಿನಿಂದ ಹೊಗೆ ಎದ್ದಿತು.

"ದೇವ್ರ ಮುಂದೆ ಬಿಟ್ಟು ಇನ್ನೂ ಬೆಟ್ಟದ ಬುಡ ದಾಟಿಲ್ಲ, ಕಣ್ಣು ಹೋಗ್ತದೆ!" ಅಂತ ಇವಳು ಬಡಕೊಂಡಳು.

"ಏನೇ ನಿಂದು ಗಲಾಟೆ? ಬಿಟ್ಟಿದ್ದೀನಿ ಅಂದ್ನಲ್ಲ, ಬಿಟ್ಟಿದ್ದೀನಿ."

"ಮತ್ತೆ ಇದೇನು?"

"ನಾನು ಬಿಟ್ಟಿದ್ದು ಹಾಗಲಕಾಯಿ."

ಹುಟ್ಟಿದಾಗಿಂದ ಹಾಗಲಕಾಯಿ ಕಂಡರಾಗದ ಮನುಷ್ಯ! ಇವಳು ಕಾಲಿಗೆ ಒಳ್ಳೇದು, ರಕ್ತಕ್ಕೆ ಒಳ್ಳೇದು ಅಂತ ದಿನಾ ಅದರದ್ದೇ ಗೊಜ್ಜು ಮಾಡಿ ತಿನ್ನಿಸ್ತಿದ್ದಳು. ಮಾರನೇ ದಿನ ತಟ್ಟೆಗೆ ಗೊಜ್ಜು ಬಿದ್ದ ಕೂಡಲೇ ಅವನು ತಟ್ಟೆ ಪಕ್ಕಕ್ಕಿಟ್ಟು ಕೆನ್ನೆ ಬಡಕೊಂಡನಂತೆ: "ದೇವ್ರಿಗೆ ಬಿಟ್ಟಿರೋದು ಕಣೇ. ತಿಂದ್ರೆ ನಿನ್ ಗಂಡನ ಕಾಲೇ ಹೋಗೋದು, ಯೋಚ್ನೆ ಮಾಡು."

ಪೌಡರಿನ ಹೆಂಗಸು

ಇದು ಸ್ವಲ್ಪ ಬಿಸಿ ಸುದ್ದಿ. ಹೆಂಡತಿ ಕಾಟ ಜಾಸ್ತಿಯಾದ ಮೇಲೆ ನನ್ನ ತಮ್ಮ ವಾಸನೆ ಮುಚ್ಚೋದು ಕಲಿತ. ಬಾಯಿಗೆ ಏಲಕ್ಕಿ, ಕುತ್ತಿಗೆಗೆ ಮಲ್ಲಿಗೆ ವಾಸನೆ ಪೌಡರು. ಹೊಲಿಯಕ್ಕೆ ಬಂದ ಹೆಂಗಸರ ಎದುರಿಗೇ ಕನ್ನಡಿ ನೋಡಿ ಬಳಕೊಳ್ಳೋನು. ಅರವತ್ತು ದಾಟಿದ ಗಂಡಸು, ಕುಂಟುತ್ತಾ ಮನೆಗೆ ಬರ್ತಾನೆ, ಬಂದರೆ ಮದುವೆ ಹೆಣ್ಣಿನಂಗೆ ಘಮಘಮ. ಹೆಂಡತಿ ಏನು ತಿಳಕೋಬೇಕು?

ನೆಟ್ಟಗೆ ತುಮಕೂರಿಗೆ ಬಂದು ನನ್ನ ಜಗಲೀಲಿ ಕೂತು ಅತ್ತಳು. "ಅತ್ಗೆ, ನನ್ ಸಂಸಾರ ಹಾಳಾಯ್ತು. ಯಾವೋಳೋ ಇವ್ಳೆ."

ನನಗೆ ಅಯ್ಯೋ ಅನ್ನಿಸ್ತು, ಸುಳ್ಳು ಯಾಕೆ, ಮೈಯೆಲ್ಲ ಕಿವಿಯೂ ಆಯಿತು. ಯಾರಿರಬಹುದು ಅಂತ ಇಬ್ಬರೂ ಕೂತು ಗುಬ್ಬಿ ಪೇಟೆಯ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಜಾಲಾಡಿದೆವು. ಹಾಗಲವಾಡಿ ಕಡೆಯಿಂದ ತಿಂಗಳಿಗೊಂದು ರವಿಕೆ ಹೊಲಿಸಿಕೊಳ್ಳಕ್ಕೆ ಬರೋ ವಿಧವೆ ಒಬ್ಬಳಿದ್ದಳು. ತಿಂಗಳಿಗೊಂದು ರವಿಕೆ ಯಾರಿಗೆ ಬೇಕು ಹೇಳಿ? ಅವಳೇ ಅಂತ ತೀರ್ಮಾನ ಮಾಡಿ, ಒಗ್ಗರಣೆ ಹಾಕಿದ್ದ ಸಾರನ್ನ ಹಂಗೇ ಮುಚ್ಚಿಟ್ಟು ಗುಬ್ಬಿ ಬಸ್ಸು ಹತ್ತಿದೆವು.

ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಅವನು ಹೊರಟ. ನಾವು ಹಿಂದೆ. ಅವನು ಕುಂಟುತ್ತಾ ಹಿಟ್ಟಿನ ಗಿರಣಿ ಹಿಂದಿನ ಓಣಿ ಹೊಕ್ಕ. ಇವಳು ನನ್ನ ಕೈ ಹಿಂಡಿ ಹಿಂಡಿ ಬಳೆ ಒಡೆದಳು. ಇಣುಕಿ ನೋಡಿದರೆ ಗೋಡೆಗೊರಗಿ, ಕಲ್ಲಿನ ಮೇಲೆ ಕಾಲು ಚಾಚಿಕೊಂಡು, ಕಣ್ಣು ಮುಚ್ಚಿ ಒಬ್ಬನೇ ಬೀಡಿ ಎಳೀತಾ ಕೂತಿದ್ದಾನೆ. ಆ ಕಡೆ ಈ ಕಡೆ ಯಾವ ವಿಧವೆಯೂ ಇಲ್ಲ, ಒಂದು ಕತ್ತೆ ಇತ್ತು. ನನಗೆ ಸ್ವಲ್ಪ ನಿರಾಶೆಯೇ ಆಯಿತು.

ಇವಳು "ಅಯ್ಯೋ ನನ್ನಪ್ಪಾ, ಬೀಡೀನಾ!" ಅಂತ ಅಲ್ಲೇ ಕುಕ್ಕರಿಸಿ ಆನಂದಬಾಷ್ಪ ಸುರಿಸಿದಳು. ಆ ಖುಷೀಲಿ ಏನು ಮಾಡಿದಳು ಗೊತ್ತೇ? ಮನೆಗೆ ಹೋಗೋ ದಾರೀಲಿ ಅಂಗಡಿ ಮುಂದೆ ನಿಂತು, ತಾನೇ ಕೈಯಾರೆ ಅವನಿಗೊಂದು ಕಟ್ಟು ಬೀಡಿ ಕೊಡಿಸಿದಳು.

ಊರಿಗೆಲ್ಲ ಹೇಳಿ

ಹೆಬ್ಬೆರಳು ಪೂರ್ತಿ ಕರ್ರಗಾದ ಮೇಲೆ ಮತ್ತೆ ತುಮಕೂರಿನ ಆಸ್ಪತ್ರೆ. ಈ ಸಲ ಚಟ ಬಿಡಿಸೋ ಕೌನ್ಸಿಲಿಂಗ್ ಅಂತ ಒಂದು ಹುಡುಗಿ ಹತ್ತಿರ ಕಳಿಸಿದರು. ನನ್ನ ಮೊಮ್ಮಗಳ ವಯಸ್ಸು. ಒಳ್ಳೇ ಮಗು, ಪ್ರೀತಿಯಿಂದ ಮಾತಾಡಿಸಿತು. ಸೇದಬೇಕು ಅನ್ನಿಸಿದಾಗ ಅಗಿಯಕ್ಕೆ ಗಮ್ ಕೊಟ್ಟಿತು. ಇವನ ಮೇಲಿನ ಸಾಲು ಕಟ್ಟಿಸಿದ ಹಲ್ಲು. ಗಮ್ಮು ಅಂಟಿಕೊಂಡು, ಯಾರದೋ ಎದೆ ಅಳತೆ ಜೋರಾಗಿ ಹೇಳಕ್ಕೆ ಹೋದಾಗ ಹಲ್ಲಿನ ಸೆಟ್ಟೇ ಆ ಹೆಂಗಸಿನ ಬಟ್ಟೆ ಮೇಲೆ ಬಿದ್ದು, ಆಕೆ ಕಿರುಚಿಕೊಂಡು ಬೀದಿಗೆ ಓಡಿದಳು. ಗಮ್ಮು ಅಲ್ಲಿಗೆ ಮುಗೀತು.

ಆ ಹುಡುಗಿ ಇನ್ನೊಂದು ಉಪಾಯ ಹೇಳಿತ್ತು: "ತಾತ, ನೀವು ಬಿಡ್ತಾ ಇದ್ದೀನಿ ಅಂತ ಗೊತ್ತಿರೋರಿಗೆಲ್ಲ ಹೇಳಿ. ನಾಲ್ಕು ಜನಕ್ಕೆ ಗೊತ್ತಾದ್ರೆ ನಾಚಿಕೆಗಾದ್ರೂ ಸೇದಲ್ಲ."

ಅವನು ನನ್ನ ಮುಖ ನೋಡಿದ. "ಹೇಳೋ ಕೆಲಸಕ್ಕೆ ನಮ್ಮಕ್ಕ ಇವ್ಳೆ ಬುಡಮ್ಮ."

ಆ ಹುಡುಗಿಯೇ ಹೇಳಿಕೊಟ್ಟ ಮೇಲೆ ನಾನು ಸುಮ್ಮನಿರ್ತೀನಾ? ತುಮಕೂರು, ಗುಬ್ಬಿ, ಬಸ್ಸು, ತರಕಾರಿ ಸಂತೆ, ಎಲ್ಲೂ ಬಿಡಲಿಲ್ಲ. ಗುಬ್ಬೀಲಿ ಯಾವ ಅಂಗಡಿಯೋನೂ ಅವನಿಗೆ ಬೀಡಿ ಕೊಡದಂಗಾಯಿತು. ಕೇಳಿದರೆ, "ಬ್ಯಾಡ ಟೈಲರಪ್ಪಾ, ನಿಮ್ಮಕ್ಕಂಗೆ ಉತ್ತರ ಕೊಡೋರು ಯಾರು?" ಅನ್ನೋರು. ಆಗ ಅವನು ಹಿಡಿದ ದಾರಿ ಕುಣಿಗಲ್. ಅಲ್ಲಿ ಭಾವಮೈದ ಇದ್ದನಲ್ಲ. ಗುಬ್ಬಿಯಿಂದ ತುಮಕೂರಿಗೆ ಬಂದು, ಬಸ್ಸು ಬದಲಾಯಿಸಿ, ಕುಣಿಗಲ್ಲಿಗೆ ಹೋಗಿ, ಪಂಚರ್ ಅಂಗಡಿ ಹಿಂದೆ ಹಳೇ ಟೈರಿನ ಮೇಲೆ ಕೂತು ಸೇದಿ, ಕತ್ತಲಾಗೋದರೊಳಗೆ ವಾಪಸ್. ನನ್ನ ಊರಲ್ಲೇ ಇಳಿದು ಹತ್ತುತ್ತಿದ್ದ, ನನಗೆ ಮುಖ ತೋರಿಸ್ತಿರಲಿಲ್ಲ. ಕುಂಟುಕಾಲಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರ್ತಿದ್ದ, ಆಟೋ ಹತ್ತಿದ್ದರೆ ಅಕ್ಕನ ಮನೆ, ಬಿಸಿ ಕಾಫಿ.

ಒಂದು ದಿನ ನಾನು ಹೆಬ್ಬೂರಿನ ಕಡೆ ಒಂದು ನಾಮಕರಣಕ್ಕೆ ಅಂತ ಕುಣಿಗಲ್ ಬಸ್ಸು ಹತ್ತಿದೆ. ಎರಡು ಸೀಟು ಮುಂದೆ ಇವನು! ನನ್ನ ನೋಡಲಿಲ್ಲ. ಕಂಡಕ್ಟರು ಬಂದು ಬೇರೆಯವರನ್ನೆಲ್ಲ "ಎಲ್ಲಿಗೆ, ಎಲ್ಲಿಗೆ" ಅಂತ ಕೇಳ್ತಾ ಕೇಳ್ತಾ ಇವನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ: "ಏನ್ ಯಜಮಾನ್ರೇ, ಇವತ್ತು ಎರಡೇನಾ, ಇಲ್ಲ ಪೂರ್ತಿ ಕಟ್ಟಾ?"

ಊದ್ರಿ

ಬೆರಳು ತೆಗೆದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನು ಮಾತು ಕಡಿಮೆ ಮಾಡಿದ. ಒಂದು ಸಲ ನಾನು ಹೋದಾಗ ಮಿಷನ್ ಮುಂದೆ ಕೂತು, ತಲೆ ಎತ್ತದೆ ಹೇಳಿದ: "ಅಕ್ಕ, ಬಿಟ್ಟಿವ್ನಿ ಕಣಕ್ಕ."

"ಏನು, ಬದನೇಕಾಯಾ?" ಅಂದೆ.

ನಕ್ಕ. ಹಲ್ಲಿನ ಸೆಟ್ಟು ತೆಗೆದಿದ್ದ, ಬಾಯಿ ಖಾಲಿ. "ಇಲ್ಲ ಕಣಕ್ಕ, ಬೀಡಿ. ಈ ಸಲ ಯಾರ್ಗೂ ಹೇಳ್ಬ್ಯಾಡ."

ಯಾರು ನಂಬುತ್ತಾರೆ? ಮದ್ದು ಸೇದಿದವನು, ದೇವರಿಗೇ ಟೋಪಿ ಹಾಕಿದವನು. ಹೆಂಡತಿ ಬಾಗಿಲಲ್ಲೇ ಚೆಕ್‌ಪೋಸ್ಟ್ ಇಟ್ಟಳು. ಅಂಗಡಿಯಿಂದ ಬಂದರೆ ಹೊಸಲು ದಾಟೋ ಮುಂಚೆ "ಊದ್ರಿ" ಅನ್ನೋಳು. ಅವನು ಕೋಲೂರಿಕೊಂಡು ನಿಂತು ಅವಳ ಮುಖಕ್ಕೆ ಊದೋನು. ವಾಸನೆ ಬಂದರೆ ಬೈಗುಳ, ಬರದಿದ್ದರೆ "ಏಲಕ್ಕಿ ಹಾಕ್ಕೊಂಡಿರ್ಬೇಕು" ಅಂತ ಇನ್ನೂ ಜಾಸ್ತಿ ಬೈಗುಳ. ಕುಣಿಗಲ್ ಭಾವಮೈದ ಬಂದು ಪಕ್ಕ ಕೂತು ಹೋದರೆ ಆ ಹೊಗೆಯೂ ಇವನ ಲೆಕ್ಕಕ್ಕೇ. ಪಕ್ಕದ ಮನೆಯೋರು ಕಸ ಸುಟ್ಟರೂ ಇವನದ್ದೇ. ಅವನು ಜಗಳ ಆಡಲಿಲ್ಲ. ಊದು ಅಂದಾಗಲೆಲ್ಲ ಊದಿದ.

ಅದೇ ದಿನಗಳಲ್ಲಿ ಗುಬ್ಬಿ ಹೆಂಗಸರು ನನ್ನ ಹತ್ತಿರ ದೂರು ಹೇಳಕ್ಕೆ ಶುರು ಮಾಡಿದರು. "ಏನಮ್ಮ ನಿನ್ ತಮ್ಮ, ಈಗೀಗ ತೋಳಿಗೆ ಹೂವೇ ಹಾಕಲ್ಲ! ನಾವೇ ಕೇಳಿದ್ರೂ, 'ಆ ಡಿಸೈನ್ ನಿಲ್ಸಿವ್ನಿ' ಅಂತಾನೆ." ನಾನು, "ವಯಸ್ಸಾಯ್ತಲ್ಲ, ಕಣ್ಣು ಕಾಣಲ್ಲ" ಅಂತ ಸುದ್ದಿ ಹರಡಿದೆ. ರವಿಕೆ ತೋಳು ನೋಡಿ ಅವನ ಬೀಡಿ ಲೆಕ್ಕ ಹೇಳ್ತಿದ್ದವಳು ನಾನು. ನನಗೇ ಹೊಳೀಲಿಲ್ಲ.

ಒಂದು ಮಧ್ಯಾಹ್ನ ಮಿಷನ್ ಮೇಲೆ ತಲೆಯಿಟ್ಟು ಮಲಗಿದ್ದಾನೆ ಅಂದುಕೊಂಡರು. ಡಾಕ್ಟರು ಎದೆ ಅಂದಿದ್ದರಲ್ಲ, ಎದೆಯೇ. ಇಷ್ಟು ವರ್ಷದ ಹೊಗೆ, ತಡವಾಗಿ ಬಿಟ್ಟರೂ ತನ್ನ ಬಾಬ್ತು ತಗೊಂಡೇ ಹೋಯಿತು. ಕೆನ್ನೆ ಕೆಳಗೆ ಅರ್ಧ ಹೊಲಿದ ಹಸಿರು ರವಿಕೆ ಇತ್ತು. ಅದರ ಯಜಮಾನಿ ಮಣ್ಣಿಗೆ ಬಂದವಳು, ಎಲ್ಲರ ಜೊತೆ ಬಾಯಿ ತುಂಬ ಅತ್ತು, ಹೋಗೋವಾಗ ನನ್ನ ಕಿವೀಲಿ, "ಮುಂದಿನ ವಾರ ನನ್ ಮಗಳ ಸೀಮಂತ, ಆ ರವಿಕೆ..." ಅಂದಳು. ಆ ದುಃಖದಲ್ಲೂ ನನಗೆ ನಗು ಬಂತು. ಅವನಿದ್ದಿದ್ದರೆ ಎಷ್ಟು ನಗ್ತಿದ್ದನೋ.

ಮೂರನೇ ದಿನದ ಕಾರ್ಯ ಮುಗಿದ ಮೇಲೆ ಹೆಂಡತಿಯೇ ಕೂತು ಆ ರವಿಕೆ ಮುಗಿಸಿದಳು. ಮುಗಿಸಿ, ದೀಪದ ಹತ್ತಿರ ಹಿಡಿದು, ಆ ತೋಳು ಈ ತೋಳು ತಿರುಗಿಸಿ ತಿರುಗಿಸಿ ನೋಡಿದಳು. ಕೈಯಲ್ಲಿ ರೇಷ್ಮೆ ದಾರ ಪೋಣಿಸಿದ ಸೂಜಿ.

"ಏನೇ ಹುಡುಕ್ತಾ ಇದ್ದೀಯ?"

"ತೂತು ಹುಡುಕ್ತಾ ಇವ್ನಿ ಅತ್ಗೆ, ಹೂವು ಹಾಕಣ ಅಂತ." ಇನ್ನೊಂದು ಸಲ ತೋಳು ತಿರುಗಿಸಿ ನೋಡಿ, "ಒಂದೂ ಇಲ್ಲ ಅತ್ಗೆ" ಅಂದಳು.

ಅಂಗಡೀಲಿ ಗಿರಾಕಿಗಳು ತಗೊಂಡು ಹೋಗದೆ ಬಿಟ್ಟಿದ್ದ ರವಿಕೆ ಇನ್ನೂ ಇದ್ದವು. ಎಲ್ಲ ತೆಗೆದು ನೋಡಿದೆವು. ಯಾವುದರಲ್ಲೂ ತೂತಿಲ್ಲ. ಮಿಷನ್ ಡ್ರಾದ ತಳದಲ್ಲಿ ಒಂದು ಬೀಡಿ ಕಟ್ಟು ಸಿಕ್ಕಿತು, ಒಡೆದೇ ಇಲ್ಲ, ಹುಳ ಹಿಡಿದು ಪುಡಿಯಾಗಿತ್ತು. ಇಬ್ಬರೂ ಆ ಪುಡಿ ಮುಂದೆ ಇಟ್ಟುಕೊಂಡು ಕೂತೆವು. ದೇವರಿಗೆ ಹೇಳಿ ಬಿಟ್ಟಿದ್ದು ಹಾಗಲಕಾಯಿ, ಯಾರಿಗೂ ಹೇಳಬೇಡ ಅಂತ ಬಿಟ್ಟಿದ್ದು ಬೀಡಿ.

ಎಡೆ

ಪಿತೃಪಕ್ಷ ಬಂತು. ಹೋದವರಿಗೆ ಏನೇನು ಇಷ್ಟವೋ ಅದೆಲ್ಲ ಎಲೆ ಮೇಲೆ ಬಡಿಸಿ ಫೋಟೋ ಮುಂದೆ ಎಡೆ ಇಡಬೇಕು. ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಮಾಡಿದರೆ, ಹೋದವರು ಬಂದು ನೆಮ್ಮದಿಯಾಗಿ ಉಂಡು ಹೋಗ್ತಾರೆ ಅಂತ ನಂಬಿಕೆ. ಇವಳು ಬೆಳಗ್ಗೆಯಿಂದ ಒಲೆ ಬಿಟ್ಟು ಏಳಲಿಲ್ಲ. ಮುದ್ದೆ, ನಾಟಿಕೋಳಿ ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಹೊಸ ಪಂಚೆ.

ಕುಣಿಗಲ್ಲಿನಿಂದ ಅವಳ ತಮ್ಮ ಬಂದ. ಎಲೆ ನೋಡಿದ. ಜೇಬಿನಿಂದ ಒಂದು ಕಟ್ಟು ಬೀಡಿ, ಒಂದು ಬೆಂಕಿಪೊಟ್ಟಣ ತೆಗೆದ.

"ಎತ್ತಿಡೋ ಅದ್ನ!" ಅಂದಳು ಇವಳು.

"ಏನಕ್ಕ, ನಮ್ಮಪ್ಪಂಗೆ ನಾವು ಇಡಾಕಿಲ್ವಾ? ಎಲ್ರೂ ಇಡ್ತಾರೆ. ಇಷ್ಟ ಆದ್ದು ಇಡ್ಲಿಲ್ಲ ಅಂದ್ರೆ ಭಾವ ಉಣ್ದೇ ಎದ್ದೋಯ್ತಾರೆ."

"ನಿಮ್ ಭಾವ ಬಿಟ್ಟಿದ್ರು ಕಣೋ. ಅಷ್ಟು ಕಷ್ಟಪಟ್ಟು ಬಿಟ್ಟೋರ ಕೈಗೆ ಈಗ ನಾನೇ ಕೊಡ್ಲಾ?"

"ಹೋದ್ಮೇಲೆ ಇನ್ಯಾವ್ ಕಾಲು ಹೋಗ್ತದಕ್ಕ?"

"ಬಿಟ್ಟಿದ್ರು ಅಂದೆ!"

ಅವನು ಇಡಬೇಕು ಅಂತಾನೆ, ಇವಳು ಬೇಡ ಅಂತಾಳೆ. ಇಬ್ಬರ ಕಣ್ಣಲ್ಲೂ ನೀರು. ಸಾರು ಆರ್ತಾ ಇದೆ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು, ಹಿರೀಳು ನಾನು, ನ್ಯಾಯ ಹೇಳಬೇಕು.

ನಾನು ಎಲೆ ನೋಡಿ ಕೇಳಿದೆ, "ಹಾಗಲಕಾಯಿ ಇಟ್ಟಿದ್ದೀಯೇನೇ?"

"ಇಲ್ಲ ಅತ್ಗೆ. ಬೆಟ್ಟದ ಮೇಲೆ ಬಿಟ್ಟಿದ್ರಲ್ಲ."

"ಅದು ಇಡಲ್ಲ ಅಂದ ಮೇಲೆ ಇದೂ ಇಡಂಗಿಲ್ಲ. ಬಿಟ್ಟಿದ್ದು ಬಿಟ್ಟಿದ್ದೇ."

ಭಾವಮೈದ ಕಟ್ಟು ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ನಾವು ದೀಪ ಹಚ್ಚಿ, ಧೂಪ ಹಾಕಿ, ಕೈ ಮುಗಿದು, ಬಾಗಿಲು ಮುಂದಕ್ಕೆ ಮಾಡಿ ಪಡಸಾಲೇಲಿ ಕೂತೆವು. ಮುದ್ದೆ ಮುರಿದು ನುಂಗುವಷ್ಟು ಹೊತ್ತು ಬಿಟ್ಟು, ಇವಳು ಬಾಗಿಲು ತಟ್ಟಿ, ಒಂದು ಸಲ ಕೆಮ್ಮಿ, ಮೆಲ್ಲಗೆ ತೆಗೆದಳು.

ಒಳಗೆಲ್ಲ ಬೀಡಿ ವಾಸನೆ.

ಧೂಪ ಅಲ್ಲ. ಬೀಡಿ. ಆ ವಾಸನೆ ನಮ್ಮಿಬ್ಬರಿಗೂ ಗೊತ್ತಿಲ್ಲವೇ? ಎಡೆ ಮೇಲೆ ತೆಳ್ಳಗೆ ನೀಲಿ ಹೊಗೆ ಆಡ್ತಾ ಇದೆ, ಹಾರ ಹಾಕಿದ ಫೋಟೋದಲ್ಲಿ ನನ್ನ ತಮ್ಮ ಏನೂ ಗೊತ್ತಿಲ್ಲದೋನ ಹಾಗೆ ನಗ್ತಾ ಇದ್ದಾನೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇವಳು ಹೆದರಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ಫೋಟೋ ಮುಂದೆ ನಿಂತಳು.

"ಅಲ್ಲೋದ್ಮೇಲೂ ಶುರು ಹಚ್ಕೊಂಡ್ರಾ! ನಂಗೊತ್ತಿತ್ತು! ನಿಮ್ಮ ಪರವಾಗಿ ಈಗಿನ್ನೂ ನನ್ ತಮ್ಮನ ಹತ್ರ ಬಾಯಿ ಬಡ್ಕೊಂಡು ಬಂದಿವ್ನಿ, ನಾಚ್ಕೆ ಆಗಲ್ವಾ ನಿಮ್ಗೆ? ಯಾರು ಕೊಟ್ರು? ಹೇಳ್ರೀ, ಅಲ್ಲಿ ಯಾರು ಕೊಟ್ರು ನಿಮ್ಗೆ?"

ಆಗ ನಾನು ನೋಡಿದೆ. ಹೊಗೆ ಬರ್ತಾ ಇದ್ದದ್ದು ಕಿಟಕಿಯಿಂದ. ಹೋಗಿ ಇಣುಕಿದರೆ ಹಿತ್ತಲಲ್ಲಿ, ಕಿಟಕಿ ಕೆಳಗೆ, ಕುಕ್ಕರುಗಾಲಲ್ಲಿ ಕೂತು ಭಾವಮೈದ ಬೀಡಿ ಎಳೀತಾ ಇದ್ದಾನೆ. ಕಣ್ಣು ಕೆಂಪಗೆ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಾನೆ.

"ಏನ್ಲಾ ಇದು?" ಅಂದೆ.

"ಭಾವಂಗೆ ಇಡಾಕೆ ಬಿಡ್ಲಿಲ್ಲ ನೀವು. ಅವ್ರು ಒಳಗೆ ಉಣ್ತಿರ್ತಾರೆ, ನಾನಿಲ್ಲಿ ಕೂತಿರಣ ಅಂದ್ಕಂಡೆ. ಕುಣಿಗಲ್ಲಲ್ಲಿ ಒಬ್ನೇ ಕೂತು ಸೇದಕ್ಕೇ ಆಯ್ತಾ ಇಲ್ಲ ನಂಗೆ."

ಒಳಗೆ ತಿರುಗಿದರೆ ಇವಳ ಮುಖ ಸಣ್ಣಗಾಗಿತ್ತು. ಬದುಕಿದ್ದಾಗ ನಂಬದಿದ್ದದ್ದು ಒಂದು, ಎಡೆ ಇಟ್ಟ ದಿನವೂ ನಂಬಲಿಲ್ಲವಲ್ಲ. ಫೋಟೋ ಹತ್ತಿರ ಹೋಗಿ ಸೆರಗಿನಿಂದ ಗಾಜು ಒರೆಸಿದಳು. "ತಪ್ಪಾಯ್ತು ಕಣ್ರೀ" ಅಂದಳು. ಹಣೆ ತಾಗಿಸಿ ಕಣ್ಣು ಮುಚ್ಚಿ ನಿಂತಳು. ನಾನು ಸೆರಗು ಬಾಯಿಗೆ ತುರುಕಿಕೊಂಡೆ, ಅಳು ತಡೆಯಕ್ಕೆ.

ಹಂಗ್ಹಂಗೇ ನಿಂತಿದ್ದವಳು ಒಂದು ಕಣ್ಣು ತೆಗೆದಳು. ಕಿಟಕಿ ಕಡೆ ನೋಡಿದಳು. ಆಮೇಲೆ ಮೂಗನ್ನ ಮೆಲ್ಲಗೆ ಫೋಟೋದ ಬಾಯಿ ಹತ್ತಿರ ತಗೊಂಡು ಹೋಗಿ, ಎರಡು ಸಲ ಮೂಸಿ ನೋಡಿ, ನನ್ನ ಕಡೆ ತಿರುಗಿದಳು.

"ಇಲ್ಲ ಅತ್ಗೆ. ನಿಜವಾಗ್ಲೂ ಬಿಟ್ಟವ್ರೆ."